ಹಾವಿನ 0.003 ಡಿಗ್ರಿ, ಕ್ಯಾಮೆರಾದ ±2 ಡಿಗ್ರಿ: ಎರಡೂ ಒಂದೇ ಅಳತೆಯಲ್ಲ

ಪ್ರಶ್ನೆ: ಫೋನಿಗೆ ಸಿಕ್ಕಿಸುವ ಚಿಕ್ಕ ಥರ್ಮಲ್ ಕ್ಯಾಮೆರಾ ಕೊಂಡಿದ್ದೇನೆ. ಮೊದಲ ದಿನವೇ ನಮ್ಮ ನಾಯಿಯ ಕಡೆ ಹಿಡಿದೆ. ಮೈ 29 ಡಿಗ್ರಿ, ಕಣ್ಣಿನ ಹತ್ತಿರ 36, ಮೂಗಿನ ತುದಿ 23 ಅಂತ ತೋರಿಸಿತು. ಕೋಣೆಯೇ 27 ಇತ್ತು. ಮೂಗು ಕೋಣೆಗಿಂತ ತಣ್ಣಗಿದೆ ಅಂದರೆ ನಾಯಿಗೆ ಏನಾದರೂ ಆಗಿದೆಯಾ? ಇದೇ ಕ್ಯಾಮೆರಾ ಕುದಿಯುವ ನೀರಿದ್ದ ಸ್ಟೀಲ್ ಪಾತ್ರೆಗೆ 41 ಡಿಗ್ರಿ ಅಂದಿತು. ಅಲ್ಲಿಗೆ ಅದರ ಮೇಲಿನ ನಂಬಿಕೆಯೇ ಹೋಯಿತು. ಆಮೇಲೆ ಎಲ್ಲೋ ಓದಿದೆ, ಕೆಲವು ಹಾವುಗಳು 0.003 ಡಿಗ್ರಿ ವ್ಯತ್ಯಾಸವನ್ನೂ ಗುರುತಿಸುತ್ತವಂತೆ. ನನ್ನ ಕ್ಯಾಮೆರಾದ ಡಬ್ಬಿ ಮೇಲೆ ‘±2 ಡಿಗ್ರಿ’ ಅಂತಿದೆ. ಅಂದರೆ ಹಾವಿಗಿಂತ ಆರೇಳು ನೂರು ಪಟ್ಟು ಕೆಟ್ಟದ್ದಾ? ಹಾವಿಗೆ ಜಗತ್ತು ಹೀಗೇ ಬಣ್ಣ ಬಣ್ಣವಾಗಿ ಕಾಣುತ್ತದಾ? ಇನ್ನೂ ದುಬಾರಿ ಕ್ಯಾಮೆರಾ ತಗೊಂಡರೆ ನಾಯಿಯ ಜ್ವರ ನೋಡಬಹುದಾ?

ಉತ್ತರ: ಮೊದಲು ನಾಯಿಯ ವಿಷಯ ಮುಗಿಸೋಣ, ನಿಮ್ಮ ಗಾಬರಿ ಇರುವುದು ಅಲ್ಲೇ. ನೀವು ಬರೆದಿರುವ ಅಂಕಿಗಳಲ್ಲಿ ಹೆದರುವಂಥದ್ದು ಏನೂ ಇಲ್ಲ. ಎಚ್ಚರವಾಗಿ ಓಡಾಡಿಕೊಂಡಿರುವ ನಾಯಿಯ ಮೂಗಿನ ತುದಿ ತಣ್ಣಗೇ ಇರುತ್ತದೆ. ಸುತ್ತಲಿನ ಗಾಳಿ 30 ಡಿಗ್ರಿ ಇದ್ದಾಗ ಮೂಗಿನ ತುದಿ ಅದಕ್ಕಿಂತ ಸುಮಾರು 5 ಡಿಗ್ರಿ ಕಡಿಮೆ ಇರುವುದನ್ನು ಅಳೆದೇ ನೋಡಿದ್ದಾರೆ. ಅಲ್ಲಿ ಕೂದಲಿಲ್ಲ, ಯಾವಾಗಲೂ ಒದ್ದೆ. ಒದ್ದೆ ಆರುವಾಗ ಶಾಖವನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. 27ರ ಕೋಣೆಯಲ್ಲಿ 23ರ ಮೂಗು, ಲೆಕ್ಕ ಸರಿಯಾಗಿಯೇ ಇದೆ.

ಮೈ 29 ಅಂದದ್ದೂ ಸರಿಯೇ. ಕ್ಯಾಮೆರಾ ನೋಡಿದ್ದು ನಾಯಿಯನ್ನಲ್ಲ, ನಾಯಿಯ ಕೂದಲಿನ ಹೊರತುದಿಯನ್ನು. ಕೂದಲು ಇರುವುದೇ ಒಳಗಿನ ಬಿಸಿ ಹೊರಗೆ ಸೋರದಿರಲಿ ಅಂತ. ಅದು ತನ್ನ ಕೆಲಸ ಚೆನ್ನಾಗಿ ಮಾಡಿದಷ್ಟೂ ಕ್ಯಾಮೆರಾದಲ್ಲಿ ನಾಯಿ ಕೋಣೆಯ ಬಣ್ಣಕ್ಕೆ ಹತ್ತಿರವಾಗುತ್ತದೆ. ಜ್ವರದ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಈಗ ಆ ಆರೇಳು ನೂರು ಪಟ್ಟು. 2ನ್ನು 0.003ರಿಂದ ಭಾಗಿಸಿದರೆ ಸುಮಾರು 667 ಬರುತ್ತದೆ, ಗಣಿತದಲ್ಲಿ ತಪ್ಪಿಲ್ಲ. ಭಾಗಿಸಬಾರದ್ದನ್ನು ಭಾಗಿಸಿದ್ದೀರಿ, ಅಷ್ಟೇ. ತಾಪಮಾನ ಅಳೆಯುವ ಉಪಕರಣಗಳನ್ನು ಪರೀಕ್ಷಿಸುವ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಇದನ್ನೇ ಮಾಡುತ್ತಿದ್ದೆ. ಈಗಲೂ ಇಂಥ ಹೋಲಿಕೆ ಅಲ್ಲಲ್ಲಿ ಅಚ್ಚಾಗಿರುವುದನ್ನು ನೋಡುತ್ತೇನೆ. ‘ಪ್ರಕೃತಿಯ ಮುಂದೆ ವಿಜ್ಞಾನ ಸೋತಿದೆ’ ಅನ್ನುವ ಧಾಟಿಯಲ್ಲಿ.

ಹಳೇ ಕಾಲದ ತಕ್ಕಡಿಯನ್ನು ನೆನೆಸಿಕೊಳ್ಳಿ. ಮುಳ್ಳು ಎಷ್ಟು ನಾಜೂಕು ಅಂದರೆ ಒಂದು ಕಾಳು ಹಾಕಿದರೂ ವಾಲುತ್ತದೆ. ಆದರೆ ಪಕ್ಕದಲ್ಲಿಟ್ಟ ಒಂದು ಕೆಜಿಯ ಬಟ್ಟು ಸವೆದು 950 ಗ್ರಾಂ ಆಗಿದೆ ಅಂತಿಟ್ಟುಕೊಳ್ಳಿ. ಒಂದೇ ಕಾಳಿನ ವ್ಯತ್ಯಾಸ ಹಿಡಿಯುವ ಈ ತಕ್ಕಡಿ ಪ್ರತಿ ಕೆಜಿಗೆ 50 ಗ್ರಾಂ ಸುಳ್ಳು ಹೇಳುತ್ತದೆ. ಮುಳ್ಳಿನ ನಾಜೂಕು ಬೇರೆ, ಬಟ್ಟಿನ ಸತ್ಯ ಬೇರೆ. ಮೊದಲನೆಯದು ಸೂಕ್ಷ್ಮತೆ, ಎರಡನೆಯದು ನಿಖರತೆ. ನಿಮ್ಮ ಡಬ್ಬಿಯ ಮೇಲಿನ ±2 ಬಟ್ಟಿನ ಲೆಕ್ಕ. ಹಾವಿನ 0.003 ಮುಳ್ಳಿನ ಲೆಕ್ಕ. ಹಾವಿನ ಹತ್ತಿರ ಬಟ್ಟೇ ಇಲ್ಲ! ಎದುರಿಗಿರುವ ಇಲಿ 36 ಡಿಗ್ರಿಯೋ 38 ಡಿಗ್ರಿಯೋ ಅದಕ್ಕೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ‘ಆ ಕಡೆಗಿಂತ ಈ ಕಡೆ ಬೆಚ್ಚಗಿದೆ’ ಅಂದರೆ ಊಟಕ್ಕೆ ಸಾಕು.

ನಿಮ್ಮ ಕ್ಯಾಮೆರಾದಲ್ಲೂ ಮುಳ್ಳು ಇದೆ. ಡಬ್ಬಿಯಲ್ಲಿ ಸಣ್ಣ ಅಕ್ಷರದಲ್ಲಿ ‘ಥರ್ಮಲ್ ಸೆನ್ಸಿಟಿವಿಟಿ’ ಅಂತ ಹುಡುಕಿ. ಈ ಬಗೆಯ ಕ್ಯಾಮೆರಾಗಳಲ್ಲಿ ಅದು 0.05ರಿಂದ 0.1 ಡಿಗ್ರಿಯ ಆಸುಪಾಸು ಇರುತ್ತದೆ. ಮೇಜಿನ ಮೇಲೆ ಅಂಗೈ ಊರಿ ನಾಲ್ಕೈದು ಸೆಕೆಂಡ್ ಬಿಟ್ಟು ತೆಗೆಯಿರಿ. ಕೈಯ ಗುರುತು ಬೆಳ್ಳಗೆ ಉಳಿದಿರುತ್ತದೆ. ಬೆರಳುಗಳು ಮೊದಲು ಮಾಸುತ್ತವೆ, ಅಂಗೈಯ ಬುಡ ಕೊನೆಗೆ. ಅದು ಪೂರ್ತಿ ಅಳಿಸಿಹೋಗುವ ಮುಂಚಿನ ಆ ಮಸುಕು ಕಲೆ ಇದೆಯಲ್ಲ, ಅದು ಒಂದು ಡಿಗ್ರಿಯ ಸಣ್ಣ ಚೂರು. ±2 ಅಂತ ಬರೆದಿರುವ ಡಬ್ಬಿಯೊಳಗಿನ ಕ್ಯಾಮೆರಾವೇ ಅದನ್ನು ತೋರಿಸಿದ್ದು.

ಸರಿ, ಹಾಗಾದರೆ 0.05ನ್ನು 0.003ರ ಜೊತೆ ಹೋಲಿಸಬಹುದಾ? ಅದೂ ಬೇಡ. ಇಲ್ಲಿ ಇನ್ನೊಂದು ಗಂಟು ಇದೆ. ಈ 0.003 ಯಾವುದರ ಡಿಗ್ರಿ ಅಂತ ಯಾರೂ ಕೇಳುವುದಿಲ್ಲ. ಅದು ಇಲಿಯ ಡಿಗ್ರಿಯಲ್ಲ. ಹಾವಿನ ಮುಖದ ಗುಳಿಯೊಳಗಿರುವ ಪೊರೆಯ ಡಿಗ್ರಿ.

ಗುಳಿಮಂಡಲ ಹಾವಿನ ಮುಖವನ್ನು ಹತ್ತಿರದಿಂದ ತೆಗೆದ ಫೋಟೊ ನೋಡಿದರೆ ಕಣ್ಣು ಮತ್ತು ಮೂಗಿನ ಹೊಳ್ಳೆಯ ನಡುವೆ ಇನ್ನೊಂದು ತೂತು ಕಾಣುತ್ತದೆ. ಅದರೊಳಗೆ ಡೋಲಿನ ಚರ್ಮದ ಹಾಗೆ ಬಿಗಿದ ಒಂದು ಪೊರೆ. ದಪ್ಪ ಸುಮಾರು 15 ಮೈಕ್ರೊಮೀಟರ್, ಅಂದರೆ ಒಂದು ಮಿಲಿಮೀಟರ್ ಆಗಬೇಕಾದರೆ ಇಂಥ ಅರವತ್ತಕ್ಕೂ ಜಾಸ್ತಿ ಪೊರೆ ಜೋಡಿಸಬೇಕು. ಹಿಂದೆ ಗಾಳಿ, ಮುಂದೆ ಗಾಳಿ. ಈ ಜೋಡಣೆಯಲ್ಲೇ ಗುಟ್ಟಿರುವುದು. ತೆಳುವಾದದ್ದು ಬೇಗ ಬಿಸಿಯಾಗುತ್ತದೆ. ಎರಡೂ ಕಡೆ ಗಾಳಿ ಇರುವುದರಿಂದ ಬಂದ ಬಿಸಿ ತಲೆಯ ಮಾಂಸಕ್ಕೆ ಸುಲಭವಾಗಿ ಇಳಿದುಹೋಗುವುದಿಲ್ಲ. ಪೊರೆಯ ತುಂಬ ನರದ ತುದಿಗಳು ಹರಡಿರುತ್ತವೆ. ಇವು ನಮ್ಮ ಮುಖಕ್ಕೆ ಸ್ಪರ್ಶ, ನೋವು ತಿಳಿಸುವ ನರದ ಬಳಗಕ್ಕೇ ಸೇರಿದವು, ಕಣ್ಣಿನ ನರದ ಬಳಗಕ್ಕಲ್ಲ.

1937ರಲ್ಲಿ ನೋಬಲ್ ಮತ್ತು ಶ್ಮಿಟ್ ಎಂಬಿಬ್ಬರು ಹಾವುಗಳ ಕಣ್ಣು ಮುಚ್ಚಿ, ಬಟ್ಟೆ ಸುತ್ತಿದ ಬಲ್ಬುಗಳನ್ನು ಮುಂದೆ ಹಿಡಿದರು. ಹಾವುಗಳು ಬೆಚ್ಚಗಿನ ಬಲ್ಬಿಗೆ ಸರಿಯಾಗಿ ಗುರಿಯಿಟ್ಟು ಹೊಡೆದವು. ಗುಳಿ ಮುಚ್ಚಿದ ಮೇಲೆ ಆ ಗುರಿ ಹೋಯಿತು. 1952ರಲ್ಲಿ ಬುಲಕ್ ಮತ್ತು ಕೌಲ್ಸ್ ನೇರವಾಗಿ ಆ ನರಕ್ಕೇ ತಂತಿ ಹಿಡಿದು ಕೇಳಿಸಿಕೊಂಡರು. ನನಗೆ ಇಡೀ ಕತೆಯಲ್ಲಿ ಬಹಳ ಇಷ್ಟವಾದ ಭಾಗ ಇದು. ಏನೂ ಇಲ್ಲದಾಗಲೂ ನರ ಸುಮ್ನೆ ಇರುವುದಿಲ್ಲ, ಟಿಕ್ ಟಿಕ್ ಅನ್ನುತ್ತಲೇ ಇರುತ್ತದೆ. ಬೆಚ್ಚಗಿನದು ಎದುರು ಬಂದರೆ ಟಿಕ್ಕುಗಳು ಜಾಸ್ತಿಯಾಗುತ್ತವೆ. ಮಂಜುಗಡ್ಡೆ ಎದುರು ಬಂದರೆ ಕಡಿಮೆಯಾಗುತ್ತವೆ. ಅಂದರೆ ಹಾವಿಗೆ ತಂಪು ಕೂಡ ಒಂದು ಸುದ್ದಿ. 1956ರಲ್ಲಿ ಬುಲಕ್ ಮತ್ತು ಡಿಯೆಕೆ ಲೆಕ್ಕ ಹಾಕಿ, ಪೊರೆ ಎಷ್ಟು ಬಿಸಿಯಾದರೆ ನರ ಉತ್ತರ ಕೊಡುತ್ತದೆ ಅಂತ ಹೇಳಿದರು. ಆ ಉತ್ತರವೇ 0.003 ಡಿಗ್ರಿ.

ನಾನೇ ಒಂದು ಕಚ್ಚಾ ಲೆಕ್ಕ ಹಾಕಿ ತೋರಿಸುತ್ತೇನೆ. ಸಾಮಾನ್ಯ ತಾಪಮಾನದಲ್ಲಿ ಒಂದು ವಸ್ತು ಒಂದು ಡಿಗ್ರಿ ಜಾಸ್ತಿ ಬಿಸಿಯಾದರೆ, ಪ್ರತಿ ಚದರ ಮೀಟರಿಗೆ ಸುಮಾರು 6 ವ್ಯಾಟ್ ಜಾಸ್ತಿ ಶಾಖ ಸೂಸುತ್ತದೆ. ಇಲಿಯ ಹೊರಮೈ ಹಿನ್ನೆಲೆಗಿಂತ 10 ಡಿಗ್ರಿ ಬೆಚ್ಚಗಿದೆ ಅಂದುಕೊಳ್ಳಿ. ಆಗ 60 ವ್ಯಾಟ್. ಆದರೆ ಇಲಿ ಚಿಕ್ಕದು, ಸೂಸಿದ್ದು ಎಲ್ಲ ದಿಕ್ಕಿಗೂ ಹಂಚಿಹೋಗುತ್ತದೆ. 30 ಸೆಂಟಿಮೀಟರ್ ದೂರದ ಗುಳಿಗೆ ತಲುಪುವುದು ಚದರ ಮೀಟರಿಗೆ ಅರ್ಧ ವ್ಯಾಟಿಗಿಂತ ಕಡಿಮೆ. ನೆತ್ತಿಯ ಮೇಲಿನ ಬಿಸಿಲು ಸುಮಾರು 1000 ವ್ಯಾಟ್ ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಇಷ್ಟು ಸಣ್ಣ ಶಾಖ ಆ ಪೊರೆಯನ್ನು ಬೆಚ್ಚಗೆ ಮಾಡುವುದು ಸಾವಿರದ ಕೆಲವೇ ಭಾಗ ಡಿಗ್ರಿಯಷ್ಟು. ಒಂದು ಮೀಟರ್ ದೂರ ಹೋದರೆ ಅದರ ಹತ್ತನೇ ಒಂದು ಭಾಗ. ಇಲಿಯಂಥ ಬೇಟೆಯನ್ನು ಹಾವು ಗುಳಿಯಿಂದ ಗುರುತಿಸುವುದು ಹೆಚ್ಚೆಂದರೆ ಒಂದು ಮೀಟರಿನ ಸುಮಾರಿಗೆ ಅನ್ನುವುದಕ್ಕೆ ಈ ಲೆಕ್ಕ ಚೆನ್ನಾಗಿ ಕೂಡುತ್ತದೆ.

ನೋಡಿದಿರಾ? 10 ಡಿಗ್ರಿ ಬೆಚ್ಚಗಿನ ಇಲಿ, ಪೊರೆಯಲ್ಲಿ ಸಾವಿರದ ಭಾಗ ಡಿಗ್ರಿ. ‘ಹಾವು ಎರಡು ಇಲಿಗಳ ನಡುವೆ 0.003 ಡಿಗ್ರಿ ವ್ಯತ್ಯಾಸ ಕಂಡುಹಿಡಿಯುತ್ತದೆ’ ಅಂತ ಯಾರಾದರೂ ಬರೆದಿದ್ದರೆ ಪೊರೆಯನ್ನೂ ಇಲಿಯನ್ನೂ ಬೆರೆಸಿಬಿಟ್ಟಿದ್ದಾರೆ ಅಂತ ಅರ್ಥ.

ನಿಮ್ಮ ಕ್ಯಾಮೆರಾದ ಒಳಗೂ ಇದೇ ಕತೆ. ಅದರ ಚಿಪ್ಪಿನ ಮೇಲೆ ಸಾವಿರಾರು ಪುಟ್ಟ ತಟ್ಟೆಗಳಿವೆ, ಹೆಸರು ಮೈಕ್ರೊಬೊಲೊಮೀಟರ್. ಒಂದೊಂದೂ ಸಪೂರ ಕಾಲುಗಳ ಮೇಲೆ ನಿಂತಿದೆ, ಬಿಸಿ ಕೆಳಗೆ ಸೋರದಿರಲಿ ಅಂತ. ಸುತ್ತ ಗಾಳಿಯನ್ನೂ ತೆಗೆದಿರುತ್ತಾರೆ. ಎದುರಿನ ಗೋಡೆ ಒಂದು ಡಿಗ್ರಿ ಬದಲಾದರೆ ಈ ತಟ್ಟೆ ಬದಲಾಗುವುದು ಅದರ ನೂರರಲ್ಲೊಂದು ಭಾಗ ಅಥವಾ ಇನ್ನೂ ಕಡಿಮೆ. ಅಂದರೆ ತಟ್ಟೆಯ ಡಿಗ್ರಿಯಲ್ಲಿ ಹೇಳಿದರೆ ನಿಮ್ಮ ಅಗ್ಗದ ಕ್ಯಾಮೆರಾ ಹಾವಿಗೆ ಸಾಟಿ, ಕೆಲವೊಮ್ಮೆ ಒಂದು ಕೈ ಮೇಲೆ. ತೆಳು ಹಾಳೆ, ಗಾಳಿಯಲ್ಲಿ ತೂಗು, ಬಿಸಿ ಸೋರಲು ದಾರಿ ಕೊಡಬೇಡ. ಹಾವಿನ ವಂಶವೂ ಎಂಜಿನಿಯರುಗಳೂ ಬೇರೆ ಬೇರೆ ದಾರಿಯಲ್ಲಿ ಬಂದು ಒಂದೇ ಕಡೆ ನಿಂತಿದ್ದಾರೆ.

ಬಣ್ಣದ ಚಿತ್ರದ ವಿಷಯ ಬೇಗ ಹೇಳಿಬಿಡುತ್ತೇನೆ. ಇಲ್ಲ, ಹಾವಿಗೆ ಹಾಗೆ ಕಾಣುವುದಿಲ್ಲ. ಕೆಂಪು, ಹಳದಿ, ನೀಲಿ ಎಲ್ಲ ಕ್ಯಾಮೆರಾದ ಸಾಫ್ಟ್‌ವೇರ್ ಬಳಿದ ಬಣ್ಣ. ಮೆನುವಿನಲ್ಲಿ ಬದಲಿಸಿದರೆ ಅದೇ ನಾಯಿ ಕಪ್ಪು ಬಿಳುಪಾಗುತ್ತದೆ. ಗುಳಿಯಲ್ಲಿ ಲೆನ್ಸ್ ಇಲ್ಲ. ಬಾಯಿ ಅಗಲ, ಹಾಗಾಗಿ ಪೊರೆಯ ಮೇಲೆ ಬೀಳುವ ಚಿತ್ರ ಕಲಸಿದ ಹಾಗಿರುತ್ತದೆ. ಆದರೆ ಹಾವಿನ ಮಿದುಳಿನಲ್ಲಿ ಕಣ್ಣಿನ ಸುದ್ದಿ ಮತ್ತು ಗುಳಿಯ ಸುದ್ದಿ ಒಂದೇ ಕಡೆ ಬಂದು ಸೇರುತ್ತವೆ. ಬೆಳಕು ಮತ್ತು ಶಾಖ ಎರಡೂ ಒಂದೇ ದಿಕ್ಕಿನಿಂದ ಬಂದಾಗ ಮಾತ್ರ ಜೋರಾಗಿ ಕೂಗುವ ನರಕೋಶಗಳೂ ಅಲ್ಲಿ ಸಿಕ್ಕಿವೆ. ಅದು ನೋಟವೋ, ಮುಖದ ಮೇಲೆ ಬಿಸಿ ತಾಕಿದ ಅನುಭವವೋ, ಹಾವೇ ಹೇಳಬೇಕು.

ಇನ್ನೊಂದು ಮಾತು. ಎಲ್ಲ ಹಾವುಗಳಿಗೂ ಈ ಶಕ್ತಿ ಇಲ್ಲ. ಗುಳಿಮಂಡಲಗಳು (ರ‍್ಯಾಟಲ್‌ಸ್ನೇಕ್ ಕೂಡ ಇದೇ ಗುಂಪು), ಹೆಬ್ಬಾವುಗಳು, ಬೋವಾಗಳಲ್ಲಿ ಕೆಲವು. ಹೆಬ್ಬಾವಿಗೆ ಗುಳಿಗಳು ತುಟಿಯ ಅಂಚಿನಲ್ಲಿ ಸಾಲಾಗಿರುತ್ತವೆ. ನಾಗರಹಾವಿಗೆ, ಕಟ್ಟುಹಾವಿಗೆ ಗುಳಿ ಇಲ್ಲ. ಕೊಳಕುಮಂಡಲ ಹೆಸರಿನಲ್ಲಿ ಮಂಡಲ ಇದ್ದರೂ ಅದಕ್ಕೂ ಇಲ್ಲ.

ಗುಳಿ ಇರುವ ಹಾವು ಬೇರೆ, ಇಲ್ಲದ್ದು ಬೇರೆ ಅನ್ನುವುದು ಒಂದು ಅಳಿಲಿಗೆ ಗೊತ್ತು. ಕ್ಯಾಲಿಫೋರ್ನಿಯಾದ ನೆಲದ ಅಳಿಲು ರ‍್ಯಾಟಲ್‌ಸ್ನೇಕ್ ಎದುರು ಬಾಲ ಆಡಿಸುವಾಗ ಬಾಲಕ್ಕೆ ರಕ್ತ ಹರಿಸಿ ಅದನ್ನು ಬಿಸಿ ಮಾಡಿಕೊಳ್ಳುತ್ತದೆ. ಗುಳಿಯಿಲ್ಲದ ಗೋಫರ್ ಹಾವಿನ ಎದುರು ಬಾಲ ಆಡಿಸುತ್ತದೆ, ಬಿಸಿ ಮಾಡುವುದಿಲ್ಲ. 2007ರಲ್ಲಿ ಪ್ರಕಟವಾದ ಈ ಕೆಲಸದಲ್ಲಿ ಸಂಶೋಧಕರು ನಿಮ್ಮ ಕೈಯಲ್ಲಿರುವಂಥ ಕ್ಯಾಮೆರಾದಿಂದಲೇ ಬಾಲ ನೋಡಿದ್ದು. ಅಷ್ಟಕ್ಕೇ ಬಿಡಲಿಲ್ಲ. ಬಾಲ ಬಿಸಿಯಾಗುವ ರೋಬೊ ಅಳಿಲು ಮಾಡಿ ಹಾವಿನ ಮುಂದಿಟ್ಟರು. ಬಾಲ ಬೆಚ್ಚಗಿದ್ದಾಗ ಹಾವು ಜಾಸ್ತಿ ಹುಷಾರಾಯಿತು. ನನ್ನ ಕಸುಬಿನವರಿಗೆ ಇದು ಯಾಕೆ ಖುಷಿ ಕೊಡುತ್ತದೆ ಅಂದರೆ, ಇಲ್ಲಿ ಬಾಲ ಸರಿಯಾಗಿ ಎಷ್ಟು ಡಿಗ್ರಿ ಅನ್ನುವುದು ಮುಖ್ಯವೇ ಅಲ್ಲ. ‘ಈ ಹಾವಿನ ಎದುರು ಬಿಸಿ, ಆ ಹಾವಿನ ಎದುರು ಇಲ್ಲ’ ಅನ್ನುವ ವ್ಯತ್ಯಾಸವೇ ಉತ್ತರ. ಕ್ಯಾಮೆರಾ ಎರಡೂ ಸಲ ಒಂದೇ ಥರ ತಪ್ಪಿದ್ದರೂ ಉತ್ತರ ಬದಲಾಗುತ್ತಿರಲಿಲ್ಲ.

ಪ್ರಾಣಿಗಳು ಶಾಖ ಹಿಡಿಯುವ ರೀತಿಯೂ ಒಂದೇ ಅಲ್ಲ. 2010ರಲ್ಲಿ ಡೇವಿಡ್ ಜೂಲಿಯಸ್ ಅವರ ಪ್ರಯೋಗಾಲಯ ರ‍್ಯಾಟಲ್‌ಸ್ನೇಕಿನ ಗುಳಿಯ ನರದಲ್ಲಿ ಯಾವ ಪ್ರೋಟೀನ್ ಕೆಲಸ ಮಾಡುತ್ತದೆ ಅಂತ ಕಂಡುಹಿಡಿಯಿತು. ಅದು ಟಿಆರ್‌ಪಿಎ1. ನಮ್ಮಲ್ಲಿ ಇದೇ ಪ್ರೋಟೀನ್ ಸಾಸಿವೆಯ ಘಾಟು ಹಿಡಿಯುತ್ತದೆ! ಹಾವಿನಲ್ಲಿ ಅದು ಸುಮಾರು 28 ಡಿಗ್ರಿ ದಾಟಿದರೆ ತೆರೆದುಕೊಳ್ಳುವ ಬಾಗಿಲಾಗಿದೆ. ಮಾರನೇ ವರ್ಷ ರಕ್ತ ಹೀರುವ ವ್ಯಾಂಪೈರ್ ಬಾವಲಿಯ ಸರದಿ. ಅದರ ಮೂಗಿನ ಗುಳಿಗಳಲ್ಲಿರುವುದು ಟಿಆರ್‌ಪಿವಿ1, ನಮಗೆ ಮೆಣಸಿನಕಾಯಿಯ ಖಾರವನ್ನೂ ಸುಡುವ ಬಿಸಿಯನ್ನೂ ಹೇಳುವ ಪ್ರೋಟೀನ್. ಬಾವಲಿ ಅದನ್ನು ಒಂಚೂರು ಮೊಟಕು ಮಾಡಿ ಸುಮಾರು 30 ಡಿಗ್ರಿಗೇ ತೆರೆಯುವ ಹಾಗೆ ಮಾಡಿಕೊಂಡಿದೆ. ಒಂದು ಗೇಣಿಗಿಂತ ಹತ್ತಿರ ಬಂದ ಮೇಲೆ ಚರ್ಮದ ಕೆಳಗೆ ಎಲ್ಲಿ ರಕ್ತ ಹರಿಯುತ್ತಿದೆ ಅಂತ ನೋಡಿಕೊಳ್ಳುವುದಕ್ಕೆ. ಇಂಥ ಪ್ರೋಟೀನುಗಳ ಮೇಲಿನ ಕೆಲಸಕ್ಕೇ ಜೂಲಿಯಸ್ ಅವರಿಗೆ 2021ರ ನೊಬೆಲ್ ಬಂತು, ಆರ್ಡೆಮ್ ಪಟಪೂಟಿಯನ್ ಅವರ ಜೊತೆ ಹಂಚಿಕೊಂಡು.

ಮೆಲನೊಫಿಲಾ ಅನ್ನುವ ದುಂಬಿಯದು ಇನ್ನೊಂದು ದಾರಿ. ಅದು ಕಾಡ್ಗಿಚ್ಚಿನ ಕಡೆಗೇ ಹಾರುತ್ತದೆ, ಆಗಷ್ಟೇ ಸುಟ್ಟ ಮರದಲ್ಲಿ ಮೊಟ್ಟೆ ಇಡುವುದಕ್ಕೆ. ಎದೆಯ ಎರಡೂ ಕಡೆ ಗುಳಿ, ಪ್ರತಿ ಗುಳಿಯಲ್ಲಿ ಸುಮಾರು 70 ಪುಟ್ಟ ಗುಂಡುಗಳು. ಶಾಖ ತಾಕಿದರೆ ಗುಂಡಿನೊಳಗಿನ ದ್ರವ ಹಿಗ್ಗಿ ಒಂದು ನರವನ್ನು ಒತ್ತುತ್ತದೆ. ಅಂದರೆ ಅದು ಬಿಸಿಯನ್ನು ಮೊದಲು ಒತ್ತಡ ಮಾಡಿಕೊಂಡು ಆಮೇಲೆ ಅಳೆಯುತ್ತದೆ. ಈ ಗುಂಡುಗಳು ಚೆನ್ನಾಗಿ ಹೀರುವುದು 3 ಮೈಕ್ರೊಮೀಟರ್ ಆಸುಪಾಸಿನ ಉದ್ದದ ಶಾಖದ ಅಲೆಗಳನ್ನು. ಸುಮಾರು 700 ಡಿಗ್ರಿಯ ಬೆಂಕಿ ಜಾಸ್ತಿ ಸೂಸುವುದೂ ಅದನ್ನೇ. 37 ಡಿಗ್ರಿಯ ಮೈ ಸೂಸುವುದು 9 ಮೈಕ್ರೊಮೀಟರಿನ ಹತ್ತಿರ. ನಿಮ್ಮ ಕ್ಯಾಮೆರಾ 8ರಿಂದ 14ರವರೆಗೆ ನೋಡುವುದು ಅದಕ್ಕೇ.

ಈ ದುಂಬಿ 130 ಕಿಲೊಮೀಟರ್ ದೂರದಿಂದ ಬೆಂಕಿ ಗುರುತಿಸುತ್ತದೆ ಅಂತ ಓದಿದರೆ ಸ್ವಲ್ಪ ನಿಧಾನಿಸಿ. 1925ರಲ್ಲಿ ಕ್ಯಾಲಿಫೋರ್ನಿಯಾದ ಕೊಅಲಿಂಗದ ಹತ್ತಿರ ಎಣ್ಣೆ ಟ್ಯಾಂಕಿಗೆ ಬೆಂಕಿ ಬಿದ್ದಾಗ ರಾಶಿ ರಾಶಿ ದುಂಬಿಗಳು ಬಂದವು. ಅವು ಎಲ್ಲಿಂದ ಬಂದಿರಬಹುದು ಅಂತ ಎಷ್ಟೋ ವರ್ಷದ ಮೇಲೆ ಲೆಕ್ಕ ಹಾಕಿ ಆ ದೂರ ಹೇಳಿದರು. ಒಳ್ಳೇ ಲೆಕ್ಕವೇ. ಆದರೆ ಲೆಕ್ಕ ಬೇರೆ, ಅಳತೆ ಬೇರೆ. ದುಂಬಿಗೆ ಹೊಗೆಯ ವಾಸನೆಯೂ ಗೊತ್ತಾಗುತ್ತದಲ್ಲ, ಅದನ್ನು ಬೇರೆ ಮಾಡುವುದು ಹೇಗೆ?

ಈ ‘ಬೇರೆ ಮಾಡುವುದು’ ಪ್ರಾಣಿ ಪ್ರಯೋಗಗಳಲ್ಲಿ ದೊಡ್ಡ ತಲೆನೋವು. ಬೆಚ್ಚಗಿನ ವಸ್ತು ಕಿರಣ ಸೂಸುತ್ತದೆ, ಪಕ್ಕದ ಗಾಳಿಯನ್ನೂ ಬಿಸಿ ಮಾಡುತ್ತದೆ, ವಾಸನೆಯನ್ನೂ ಎಬ್ಬಿಸುತ್ತದೆ. ಪ್ರಾಣಿ ಯಾವುದಕ್ಕೆ ತಿರುಗಿತು? 2020ರಲ್ಲಿ ಸ್ವೀಡನ್ ಮತ್ತು ಹಂಗೇರಿಯವರು ಸೇರಿ ನಾಯಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ನೋಡಲು ಒಂದೇ ಥರ ಇರುವ ಎರಡು ವಸ್ತು, ಒಂದು ಕೋಣೆಯಷ್ಟೇ ತಣ್ಣಗೆ, ಇನ್ನೊಂದು ಸುಮಾರು 31 ಡಿಗ್ರಿ. ದೂರ 1.6 ಮೀಟರ್. ತರಬೇತಾದ ಮೂರು ನಾಯಿಗಳು ಬೆಚ್ಚಗಿನದನ್ನು ಆರಿಸಿದವು. ನಾಯಿಯ ತಣ್ಣನೆ ಮೂಗು ದೂರದ ಶಾಖವನ್ನು ಹಿಡಿಯುತ್ತದೆ ಅನ್ನುವುದು ಅವರ ಅಭಿಪ್ರಾಯ. ಚೆಂದದ ಕೆಲಸ, ಆದರೆ ಮೂರೇ ನಾಯಿ ಅನ್ನುವುದನ್ನು ಮರೆಯಬೇಡಿ. ನೀವು ಹೆದರಿದ ಆ 23 ಡಿಗ್ರಿಯ ಮೂಗೇ ಅವರಿಗೆ ಕುತೂಹಲ ಹುಟ್ಟಿಸಿದ್ದು.

ಸೊಳ್ಳೆಯಲ್ಲಿ ಇದು ಇನ್ನೂ ಸ್ಪಷ್ಟ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಸುಮಾರು 70 ಸೆಂಟಿಮೀಟರ್ ದೂರದಿಂದ 34 ಡಿಗ್ರಿಯ ಚರ್ಮದಷ್ಟು ಶಾಖದ ಕಿರಣವನ್ನು ಬಳಸಿಕೊಳ್ಳುತ್ತದೆ ಅಂತ 2024ರಲ್ಲಿ ತೋರಿಸಿದರು. ಬರೀ ಕಿರಣ ಕೊಟ್ಟರೆ ಸೊಳ್ಳೆ ತಿರುಗಿಯೂ ನೋಡುವುದಿಲ್ಲ. ಉಸಿರಿನ ಇಂಗಾಲದ ಡೈ ಆಕ್ಸೈಡ್ ಮತ್ತು ಮೈವಾಸನೆ ಜೊತೆಗಿದ್ದರೆ ಮಾತ್ರ ಹುಡುಕಾಟ ಎರಡು ಪಟ್ಟಾಗುತ್ತದೆ.

ಈಗ ನಿಮ್ಮ ಸ್ಟೀಲ್ ಪಾತ್ರೆ. ಕುದಿಯುವ ನೀರಿಗೆ 41! ಕ್ಯಾಮೆರಾ ಹಾಳಾಗಿಲ್ಲ. ಅದು ತಾಪಮಾನ ನೋಡುವುದಿಲ್ಲ, ಬರುವ ಕಿರಣ ನೋಡುತ್ತದೆ, ತಾಪಮಾನವನ್ನು ಊಹಿಸುತ್ತದೆ. ಎದುರಿನ ವಸ್ತು ಸೂಸಬೇಕಾದ್ದರಲ್ಲಿ ಶೇ 95ರಷ್ಟು ಸೂಸುತ್ತಿದೆ ಅಂತ ಅದು ಮೊದಲೇ ಅಂದುಕೊಂಡಿರುತ್ತದೆ. ಚರ್ಮ, ನೀರು, ಮರ, ಕಾಗದ, ಸಾಮಾನ್ಯ ಬಣ್ಣ ಬಳಿದ ಗೋಡೆ, ಇವಕ್ಕೆಲ್ಲ ಆ ಊಹೆ ಹೆಚ್ಚುಕಡಿಮೆ ಸರಿ. ಚರ್ಮವಂತೂ ಶೇ 98. ಹೊಳೆಯುವ ಸ್ಟೀಲ್ ಸೂಸುವುದು ಶೇ 10ರಿಂದ 20 ಮಾತ್ರ. ಉಳಿದದ್ದಕ್ಕೆ ಅದು ಕನ್ನಡಿ, ಸುತ್ತಲಿನ ಗೋಡೆಯ ಕಿರಣವನ್ನೇ ವಾಪಸ್ ಕಳಿಸುತ್ತದೆ. ಶೇ 15 ಅಂತ ಇಟ್ಟುಕೊಂಡು ನಾನು ಲೆಕ್ಕ ಹಾಕಿದೆ: 100 ಡಿಗ್ರಿಯ ಪಾತ್ರೆ, 27 ಡಿಗ್ರಿಯ ಗೋಡೆ, ಕ್ಯಾಮೆರಾ ತೋರಿಸಬೇಕಾದ್ದು 40ರ ಆಸುಪಾಸು. ನಿಮ್ಮದು 41. ಭೇಷ್ ಅನ್ನಬೇಕು!

ನನಗೂ ಒಂದು ಸಲ ಹೀಗೇ ಆಗಿದೆ. ಉಜ್ಜಿ ಹೊಳಪು ಮಾಡಿದ ಅಲ್ಯೂಮಿನಿಯಂ ಹಲಗೆಯ ನಟ್ಟನಡುವೆ ಒಂದು ಬಿಸಿ ಮಚ್ಚೆ ಕಾಣಿಸಿತು. ಫೋಟೊ ತೆಗೆದೆ, ವರದಿ ಬರೆಯಲು ಕೂತೆ. ಇನ್ನೊಂದು ಸಲ ನೋಡೋಣ ಅಂತ ಹೋದರೆ ಮಚ್ಚೆ ಎಡಕ್ಕೆ ಸರಿದಿತ್ತು. ನಾನು ಬಲಕ್ಕೆ ಹೋದೆ, ಅದೂ ಬಂತು. ಆ ಮಚ್ಚೆ ನಾನೇ! ಕಿಟಕಿಯ ಗಾಜಿನ ಎದುರು ನಿಂತರೂ ಹೀಗೆ. ಗಾಜಿನ ಮೂಲಕ ಈ ಕ್ಯಾಮೆರಾಕ್ಕೆ ಹೊರಗಿನದು ಕಾಣುವುದಿಲ್ಲ, ಗಾಜು ಮತ್ತು ನಿಮ್ಮ ನೆರಳಿನಂಥ ಆಕಾರ ಕಾಣುತ್ತದೆ. ಅದೇ ಕೈಯನ್ನು ತೆಳುವಾದ ಕಪ್ಪು ಪಾಲಿಥಿನ್ ಚೀಲದೊಳಗೆ ಹಾಕಿ, ಕಣ್ಣಿಗೆ ಕಾಣದ ಬೆರಳುಗಳು ಕ್ಯಾಮೆರಾದಲ್ಲಿ ಕಾಣುತ್ತವೆ. ಪ್ರಯೋಗಾಲಯದಲ್ಲಿ ಬಿಸಿ ಗಾಳಿಯನ್ನು ತಡೆದು ಕಿರಣವನ್ನಷ್ಟೇ ಬಿಡಬೇಕು ಅಂದಾಗಲೂ ಇಂಥ ತೆಳು ಪಾಲಿಥಿನ್ ಹಾಳೆ ಕೆಲಸಕ್ಕೆ ಬರುತ್ತದೆ.

ಹಾಗಾದರೆ ಏನು ಮಾಡಬಹುದು? ದುಬಾರಿ ಕ್ಯಾಮೆರಾಕ್ಕೆ ಕೈ ಹಾಕುವ ಮುಂಚೆ ಒಂದು ಸುತ್ತು ಕಪ್ಪು ಎಲೆಕ್ಟ್ರಿಕಲ್ ಟೇಪ್ ತಗೊಳ್ಳಿ. ಹೊಳೆಯುವ ವಸ್ತುವಿನ ಮೇಲೆ ಒಂದು ತುಂಡು ಅಂಟಿಸಿ, ಒಂದೆರಡು ನಿಮಿಷ ಬಿಟ್ಟು ಟೇಪನ್ನು ನೋಡಿ, ಲೋಹವನ್ನಲ್ಲ. 41 ಇದ್ದದ್ದು 90 ದಾಟುತ್ತದೆ. ಪಾತ್ರೆ ತಣ್ಣಗಿರುವಾಗಲೇ ಅಂಟಿಸಿ, ತೀರಾ ಕಾದ ಮೇಲ್ಮೈಗೆ ಬೇಡ, ಅಂಟು ಕರಗಿ ಹೊಗೆ ಬರುತ್ತದೆ. ಕ್ಯಾಮೆರಾ ಹಾಕಿದ ಕೂಡಲೇ ಬರುವ ಅಂಕಿಯನ್ನು ನಂಬಬೇಡಿ. ಅದು ತಾನೇ ಬಿಸಿಯಾಗುತ್ತಿರುತ್ತದೆ, ಐದರಿಂದ ಹತ್ತು ನಿಮಿಷ ಬಿಡಿ. ನಡುನಡುವೆ ಅದು ಟಕ್ ಅಂತ ಸದ್ದು ಮಾಡುತ್ತದಲ್ಲ, ಆಗ ಒಳಗಿನ ಪುಟ್ಟ ಬಾಗಿಲು ಮುಚ್ಚಿ ತನ್ನ ತಟ್ಟೆಗಳನ್ನು ಸರಿಹೊಂದಿಸಿಕೊಳ್ಳುತ್ತದೆ. ಆ ಟಕ್ ಆದ ಮೇಲೆ ಓದಿ.

ಬಟ್ಟು ಪರೀಕ್ಷಿಸುವುದೂ ಸುಲಭ. ಜಜ್ಜಿದ ಮಂಜುಗಡ್ಡೆಯನ್ನು ಪಾತ್ರೆ ತುಂಬ ಹಾಕಿ, ಸಂದು ತುಂಬುವಷ್ಟು ಮಾತ್ರ ನೀರು ಸೇರಿಸಿ, ಚೆನ್ನಾಗಿ ಕಲಕಿ. ಅದು 0 ಡಿಗ್ರಿ. ಬರೀ ನೀರಲ್ಲಿ ನಾಲ್ಕು ತುಂಡು ತೇಲಿಬಿಟ್ಟರೆ ಆಗುವುದಿಲ್ಲ, ತಳದಲ್ಲಿ ಎರಡು ಮೂರು ಡಿಗ್ರಿ ಇರಬಹುದು. ಕ್ಯಾಮೆರಾವನ್ನು ಮೇಲಿನಿಂದ ಹಿಡಿದು ಓದಿ. 1.5 ಬಂದರೆ, ಇನ್ನು ಮುಂದೆ ಆ ಆಸುಪಾಸಿನ ತಣ್ಣನೆ ವಸ್ತುಗಳಿಗೆ 1.5 ಕಳೆಯಿರಿ. ಬಿಸಿ ವಸ್ತುವಿಗೂ ಅಷ್ಟೇ ಕಳೆಯಬಹುದು ಅಂದುಕೊಳ್ಳಬೇಡಿ, ಅಲ್ಲಿ ತಪ್ಪು ಬೇರೆಯೇ ಇರುತ್ತದೆ.

ದುಬಾರಿ ಕ್ಯಾಮೆರಾ ತಗೊಂಡರೆ ಏನು ಸಿಗುತ್ತದೆ ಅಂತ ಕೇಳಿದ್ದೀರಿ. ಜಾಸ್ತಿ ಪಿಕ್ಸೆಲ್ ಸಿಗುತ್ತದೆ, ಮುಳ್ಳು ಇನ್ನೂ ನಾಜೂಕಾಗುತ್ತದೆ. ±2 ಮಾತ್ರ ಹೆಚ್ಚಿನವುಗಳಲ್ಲಿ ±2 ಆಗಿಯೇ ಉಳಿಯುತ್ತದೆ. ದೂರದ ಹಕ್ಕಿಗಳನ್ನು ನೋಡಬೇಕು ಅನ್ನುವ ಆಸೆ ಇದ್ದರೆ ಪಿಕ್ಸೆಲ್ಲಿಗೆ ದುಡ್ಡು ಕೊಡಿ, ಅರ್ಥ ಇದೆ. ನಾಯಿಯ ಜ್ವರಕ್ಕಾಗಿ ಬೇಡ. ಗನ್ ಥರದ ಇನ್‌ಫ್ರಾರೆಡ್ ಥರ್ಮಾಮೀಟರ್ ಕೂಡ ಬೇಡ. ಅದರ ಕೆಂಪು ಚುಕ್ಕೆ ಬೀಳುವ ಜಾಗವನ್ನಷ್ಟೇ ಅದು ಅಳೆಯುತ್ತದೆ ಅಂತ ಎಷ್ಟೋ ಜನ ನಂಬಿದ್ದಾರೆ. ಚುಕ್ಕೆ ಬರೀ ಗುರಿ ತೋರಿಸುವುದಕ್ಕೆ. 12:1 ಅಂತ ಬರೆದಿದ್ದರೆ 60 ಸೆಂಟಿಮೀಟರ್ ದೂರದಲ್ಲಿ ಅದು 5 ಸೆಂಟಿಮೀಟರ್ ಅಗಲದ ವೃತ್ತವನ್ನು ಸರಾಸರಿ ಮಾಡುತ್ತದೆ. ಆ ವೃತ್ತದಲ್ಲಿ ನಾಯಿಯ ಕಣ್ಣೂ ಇರುತ್ತದೆ, ಕೂದಲೂ ಇರುತ್ತದೆ, ಹಿಂದಿನ ಗೋಡೆಯೂ ಇರಬಹುದು.

ಕಣ್ಣಿನ ಒಳಮೂಲೆ ನೋಡಿ ಅಂದಾಜು ಮಾಡುವ ಪ್ರಯತ್ನಗಳು ನಡೆದಿವೆ. ಅಲ್ಲಿ ಕೂದಲಿಲ್ಲ, ರಕ್ತ ಚೆನ್ನಾಗಿ ಹರಿಯುತ್ತದೆ, ಹಾಗಾಗಿ ನಿಮಗೂ ಅಲ್ಲೇ ಜಾಸ್ತಿ, 36 ಬಂದಿದೆ. ಆದರೆ ಗಾಳಿ ಬೀಸಿದರೆ, ನಾಯಿ ಓಡಿ ಬಂದಿದ್ದರೆ, ತಲೆ ಓರೆಯಾಗಿದ್ದರೆ ಅಂಕಿ ಒಂದೆರಡು ಡಿಗ್ರಿ ಆಚೀಚೆ ಹೋಗುತ್ತದೆ. ಜ್ವರವೂ ಒಂದೆರಡು ಡಿಗ್ರಿಯ ವಿಷಯವೇ ಅಲ್ವಾ? ಆರೋಗ್ಯವಾಗಿರುವ ನಾಯಿಯ ಒಳಗಿನ ತಾಪಮಾನ 38ರಿಂದ 39.2. ಇದನ್ನು ತಿಳಿಯಲು ತುದಿ ಬಾಗುವ ಸಾಮಾನ್ಯ ಡಿಜಿಟಲ್ ಥರ್ಮಾಮೀಟರ್ ಸಾಕು. ತುದಿಗೆ ಸ್ವಲ್ಪ ವ್ಯಾಸಲಿನ್ ಹಚ್ಚಿ ಗುದದ್ವಾರದಲ್ಲಿ ಒಂದೆರಡು ಸೆಂಟಿಮೀಟರ್ ಒಳಗಿಟ್ಟು ಬೀಪ್ ಬರುವ ತನಕ ಹಿಡಿಯಿರಿ. ಒಬ್ಬರು ತಲೆ ಹಿಡಿದು ಮಾತಾಡಿಸುತ್ತಿರಲಿ. ನಾಯಿ ಕೊಸರಾಡಿದರೆ ಬಲವಂತ ಬೇಡ, ಗಾಯವಾದೀತು. 39.5 ದಾಟಿದರೆ, ಅಥವಾ ಊಟ ಬಿಟ್ಟು ಮಂಕಾಗಿದ್ದರೆ ಅಂಕಿ ಎಷ್ಟೇ ಇರಲಿ, ಪಶುವೈದ್ಯರಿಗೆ ತೋರಿಸಿ. ‘ಮೂಗು ಒದ್ದೆಯಾಗಿ ತಣ್ಣಗಿದ್ದರೆ ಜ್ವರ ಇಲ್ಲ’ ಅನ್ನುವ ಮಾತನ್ನು ನೆಚ್ಚಿಕೊಂಡು ಕೂರಬೇಡಿ.

ಕ್ಯಾಮೆರಾವನ್ನು ನಾಯಿಗೆ ಬಳಸಲೇಬೇಕು ಅಂದರೆ ಎಡ ಬಲ ಹೋಲಿಸಿ. ಒಂದು ಮುಂಗಾಲಿನ ಪಂಜ ಇನ್ನೊಂದಕ್ಕಿಂತ ದಿನವೂ ಎರಡು ಡಿಗ್ರಿ ಬಿಸಿ ಕಂಡರೆ ಅಲ್ಲಿ ಊತವೋ ಮುಳ್ಳೋ ಇರಬಹುದು, ಕೈಯಿಂದ ಮುಟ್ಟಿ ನೋಡಿ. ಎರಡೂ ಪಂಜ ಒಂದೇ ಚಿತ್ರದಲ್ಲಿ ಬರಬೇಕು, ನಾಯಿ ಬಿಸಿಲಿನಿಂದ ಬಂದು ಅರ್ಧ ಗಂಟೆಯಾಗಿರಬೇಕು.

ಹಾವಿನ ಮೇಲೆ ಪ್ರಯೋಗ ಮಾಡುವ ಯೋಚನೆ ಇದ್ದರೆ ಬಿಟ್ಟುಬಿಡಿ. ಗುಳಿ ಇರುವ ಹಾವು ಬೆಚ್ಚಗಿನ ಕೈಗೆ ಕತ್ತಲಲ್ಲೂ ಗುರಿಯಿಡುತ್ತದೆ. ನಾಯಿಯ ಮೂಗಿನಲ್ಲಿ ನಿಮಗೆ ಬೇಕಾದಷ್ಟು ಕೆಲಸ ಇದೆ. ಎಚ್ಚರವಿದ್ದಾಗ ತಣ್ಣಗಿರುವ ಆ ತುದಿ ನಾಯಿ ಮಲಗಿ ನಿದ್ದೆ ಹೋದಾಗ ಬೆಚ್ಚಗಾಗುವುದುಂಟು. ಪಕ್ಕದಲ್ಲಿ ಒಂದು ತುಂಡು ಕಪ್ಪು ಟೇಪ್ ಅಂಟಿಸಿದ ರಟ್ಟು ಇಟ್ಟು, ಅದನ್ನೂ ಮೂಗನ್ನೂ ಒಂದೇ ಚಿತ್ರದಲ್ಲಿ ತೆಗೆಯಿರಿ. ಹತ್ತು ನಿಮಿಷಕ್ಕೊಮ್ಮೆ, ಮಧ್ಯಾಹ್ನದ ನಿದ್ದೆ ಪೂರ್ತಿ. ಮೂಗಿನ ಅಂಕಿಯಿಂದ ರಟ್ಟಿನ ಅಂಕಿ ಕಳೆದು ಬರೆದಿಡಿ. ಆ ಪಟ್ಟಿಯನ್ನು ನನಗೂ ಕಳಿಸಿ.